ಮೂರೂವರೆ ಗಂಟೆಯ ಕಸ

ಹೊಸ ಪೊರಕೆಯ ಧೂಳಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಹಲಸೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ನರ್ಸ್ ಕೆಲಸಕ್ಕೆಂದು ಮಸ್ಕತ್ತಿನ ವಿಮಾನ ಹತ್ತಿದ್ದಳು. "ಮೂರೂವರೆ ಗಂಟೆ ಹಾದಿಯಂತೆ. ಅವಳು ತಲುಪೋವರೆಗೂ ಕಸ ಗುಡಿಸಬಾರದು," ಅಂದಳು ಅಜ್ಜಿ. ಅಮ್ಮ ತಲೆ ಬಾಚಿಕೊಂಡಾಗ ಉದುರಿದ ಕೂದಲು, ಮುಡಿಯಿಂದ ಬಿದ್ದ ಕನಕಾಂಬರ ನೆಲದ ಮೇಲೇ ಇದ್ದವು. ಗುಡಿಸದೇ ಇದ್ದರೆ ಅಮ್ಮ ತಲುಪುವುದೇ ಇಲ್ಲ, ವಾಪಸ್ ಬಂದುಬಿಡುತ್ತಾಳೆ ಅಂದುಕೊಂಡು ನಾನು ಪೊರಕೆಯನ್ನು ಮಂಚದ ಕೆಳಗೆ ಬಚ್ಚಿಟ್ಟೆ.

ಟೀ ಹೊತ್ತಿಗೆ ಫೋನ್ ಬಂತು.

"ತಲುಪಿದ್ಲಂತೆ. ಪೊರಕೆ ಎಲ್ಲಿ?" ಅಜ್ಜಿ ಕೇಳಿದಳು.

"ಗೊತ್ತಿಲ್ಲ," ಅಂದೆ.

ಮಂಚದ ಕೆಳಗಿಂದ ಪೊರಕೆಯ ತುದಿ ಇಣುಕುತ್ತಿತ್ತು. ಅಜ್ಜಿ ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಕನಕಾಂಬರ ತುಳಿಯದ ಹಾಗೆ ದಾಟಿ ಬಂದು ನನ್ನ ಪಕ್ಕ ಕೂತಳು.

"ಹೋಗ್ಲಿ ಬಿಡು, ನಾಳೆ ಗುಡಿಸೋಣ."