ಹೋಲಿಕೆ ಮನೆ

ಕೇರಿಗೊಂದು ಹೋಲಿಕೆ ಮನೆ ಇರಬೇಕೆಂಬುದು ಕಾನೂನು. ಉಳಿದವರಿಗೆ ಸಿಕ್ಕ ಸರ್ಕಾರಿ ನೆರವು ಫಲ ಕೊಟ್ಟಿತೇ ಎಂದು ಅಳೆಯಲು ಏನೂ ಸಿಗದ ಮನೆಯೊಂದು ಬೇಕಲ್ಲ! ಹನ್ನೊಂದು ವರ್ಷದಿಂದ ಅದು ಹುಸೇನಬಿಯ ಮನೆ. ಈ ಸಲ ಬೀಡಿ ಕಟ್ಟಿ ತಾನೇ ಹೊಲಿಗೆ ಯಂತ್ರ ಕೊಂಡಿದ್ದಳು. ಮೌಲ್ಯಮಾಪನದ ದಿನ ಬೆಳಿಗ್ಗೆ ನೆರೆಯ ಬಾಳವ್ವ ನಾಲ್ವರನ್ನು ಕರೆದುಕೊಂಡು ಬಂದಳು.

“ಮಿಷನ್ ಕೊಡಬೇ. ನೀ ನೆರವಿಲ್ದನ ಉದ್ಧಾರ ಆದ್ರ, ನಮಗ ಕೊಟ್ಟಿದ್ದು ದಂಡ ಅಂತ ಬರೀತಾರ.”

“ಒಯ್ರಿ ಅಕ್ಕಾ. ಸೂಜಿ ಮುರೀಬ್ಯಾಡ್ರಿ.”

ಮಧ್ಯಾಹ್ನ ಬಂದ ಸಾಹೇಬರು ಬರಿದಾದ ಕೋಣೆ ನೋಡಿ, “ಬದಲಾವಣೆ ಇಲ್ಲ” ಎಂದು ಬರೆದುಕೊಂಡರು. ಬಾಗಿಲಲ್ಲಿದ್ದ ಹುಸೇನಬಿಯ ಮಗಳ ವಯಸ್ಸು ಕೇಳಿದರು.

“ಹದಿನೆಂಟು ತುಂಬ್ಯಾವ್ರಿ.”

“ಹಂಗಾದ್ರೆ ಇನ್ನು ಇವಳೂ ಹೋಲಿಕೆ ಪಟ್ಟಿಯೊಳಗೇ.”

ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಮಗಳಿಗೆ ಹುಸೇನಬಿಯೇ ತೋರಿಸಿಕೊಟ್ಟಳು.