ಅಣಕ

“ಸ... ಸ... ಸಹಿ ಎ... ಎಲ್ಲಿ ಹಾಕ್ಲಿ?” ಬ್ಯಾಂಕಿನ ವಿಚಾರಣೆ ಮೇಜಿನಲ್ಲಿ ಹೊಸದಾಗಿ ಕೆಲಸ ಕಲಿಯುತ್ತಿದ್ದ ಹುಡುಗಿ, ಆಗಷ್ಟೇ ಎದ್ದುಹೋದ ಗ್ರಾಹಕರ ತೊದಲನ್ನು ಕತ್ತು ಕೊಂಕಿಸಿ ಅಣಕಿಸಿದಳು. ಹೊಟ್ಟೆ ಹಿಡಿದು ನಗುತ್ತಿದ್ದ ಕ್ಯಾಷಿಯರ್ ತಟ್ಟನೆ ಬಾಯಿ ಮುಚ್ಚಿಕೊಂಡರು.

ಹುಡುಗಿ ತಿರುಗಿದಳು. ಮರೆತುಹೋದ ಕನ್ನಡಕಕ್ಕೆಂದು ಅದೇ ಗ್ರಾಹಕರು ವಾಪಸ್ ಬಂದು ನಿಂತಿದ್ದರು. ಹೊರಗೆ ಕಾಯುತ್ತಿದ್ದ ಪುಟ್ಟ ಮಗಳೂ ಈಗ ಜೊತೆಗಿದ್ದಳು.

“ಅಪ್ಪಾ, ಈ ಅಕ್ಕನೂ ನಿನ್ನ ಥರಾನೇ ಮಾತಾಡ್ತಾರಾ?” ಮಗುವಿನ ಮುಖ ಅರಳಿತ್ತು. ಅವರು ಹುಡುಗಿಯನ್ನು ಒಮ್ಮೆ ನೋಡಿ, “ಹೌ... ಹೌದು ಪುಟ್ಟಿ” ಎಂದರು.

ನಿಂತ ನೆಲ ಬಾಯಿಬಿಡಬಾರದೇ ಎನಿಸಿತು ಹುಡುಗಿಗೆ. ಕನ್ನಡಕ ಚಾಚಿ, ತಪ್ಪಾಯಿತು ಎನ್ನಲು ಹೋದರೆ ನಾಲಿಗೆಯೇ ಹೊರಳಲಿಲ್ಲ. “ತ... ತ...”

“ನಿಧಾನವಾಗಿ ಹೇಳಿ ಅಕ್ಕಾ,” ಎಂದು ಮಗು ಅವಳ ಕೈ ಸವರಿತು. “ನಾವು ಕಾಯ್ತೀವಿ.”