ಕೆಂಪು ದೀಪ

ಪರದೇಶದ ಸಭಾಂಗಣದಲ್ಲಿ ಕಛೇರಿಗೆ ಇನ್ನು ಹತ್ತೇ ನಿಮಿಷ. ವೀಣೆಯ ಅಲಮೇಲಮ್ಮನವರ ಕಣ್ಣು ಆಂಪ್ಲಿಫೈಯರ್ ಬಿಟ್ಟು ಕದಲಲಿಲ್ಲ. ಹೋದ ವಾರ ಇಲ್ಲಿಯ ಕರೆಂಟಿಗೆ ಶ್ರುತಿಪೆಟ್ಟಿಗೆ ಹೊಗೆಯಾಡಿ ಸುಟ್ಟಿತ್ತು. ಇದೂ ಸುಟ್ಟರೆ ಹಿಂದಿನ ಸಾಲಿನವರಿಗೆ ವೀಣೆ ಕೇಳಿಸುವುದೇ ಇಲ್ಲ.

"ಸರಿಯಾಗಿ ನೋಡಿದೆಯೇನೋ ನರಹರಿ?"

"ನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟಿದೀನಮ್ಮಾ, ಮೂರು ಸಲ ನೋಡಿದೀನಿ. ನೀವು ಹೀಗೆ ಹೆದರಿಸಿದ್ರೆ ಮೃದಂಗದಲ್ಲಿ ನನ್ನ ತಾಳ ತಪ್ಪುತ್ತೆ."

ಆದರೂ ಅವರ ಮನಸ್ಸು ತಡೆಯಲಿಲ್ಲ. ಚೀಲದಿಂದ ದೇವರ ಪಟ, ಬಾಳೆಹಣ್ಣು ತೆಗೆದು, ಪರದೆಯ ಹಿಂದೆ ಹೋಗಿ, ದೇವರಿಗೆ ಕೈಮುಗಿದು ಬಂದರು.

"ಈಗ ಹಾಕು."

ನರಹರಿ ಸ್ವಿಚ್ ಹಾಕಿದ. ಆಂಪ್ಲಿಫೈಯರಿನ ಕೆಂಪು ದೀಪ ಹೊತ್ತಿತು. ಅಷ್ಟರಲ್ಲೇ ಕಟ್ಟಡದಲ್ಲೆಲ್ಲ ಕಿವಿ ಗಡಚಿಕ್ಕುವಂತೆ ಸೈರನ್ ಕೂಗಿತು. ಜನ ಎದ್ದುಬಿದ್ದು ಬೀದಿಗೆ ಓಡಿದರು.

"ಸುಟ್ಟೇಬಿಟ್ಟೆಯಲ್ಲೋ!" ಚಳಿಯಲ್ಲಿ ಬರಿಗಾಲಲ್ಲಿ ನಿಂತು ಅಲಮೇಲಮ್ಮ ಅತ್ತರು.

"ನಾನಲ್ಲಮ್ಮಾ, ದೇವರಾಣೆ!" ನರಹರಿ ಎರಡೂ ಕೈ ಎತ್ತಿದ.

ಬೆಂಕಿ ಆರಿಸುವವರು ಒಳಗೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ಅವರಲ್ಲೊಬ್ಬ, ಕೈಯನ್ನು ಮೈಯಿಂದ ದೂರ ಹಿಡಿದು, ಮೆಲ್ಲಗೆ ಹೊರಗೆ ಬಂದ.

ಅವನ ಕೈಯಲ್ಲಿ ಬಾಳೆಹಣ್ಣಿತ್ತು; ಅದಕ್ಕೆ ಚುಚ್ಚಿದ್ದ ಐದು ಊದುಬತ್ತಿಗಳು ಇನ್ನೂ ಹೊಗೆಯಾಡುತ್ತಿದ್ದವು.